ಹಾಯಿಗೆ ಹಾಕಿದ ಹತ್ತಿ ದಾರ

"ಎಂಥ ಗಾಳಿಗೂ ಹರಿಯಬಾರದು. ಅಂಥ ಹಾಯಿ ಬೇಕಿತ್ತು."

ಹೊಲಿಗೆ ಯಂತ್ರದ ಮೇಲೆ ಬಗ್ಗಿದ್ದ ಅವಳು ತಲೆ ಎತ್ತಿದಳು. ಬಾಗಿಲಲ್ಲಿ ನಿಂತವನ ಮುಖಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಅವನ ಲೈಫ್ ಜಾಕೆಟ್ಟಿಗೆ ಸಿಕ್ಕಿಸಿದ್ದ ಚಾಕು. ಹಳದಿ ಹಿಡಿಯ ಚಾಕು!

ಪೆಡಲಿನ ಮೇಲಿದ್ದ ಅವಳ ಕಾಲು ಹಾಗೇ ನಿಂತುಹೋಯಿತು.

'ಇವನೇ... ಅಣ್ಣ ಹೇಳಿದವನು ಇವನೇ...'

"ಯಾವ ದೋಣಿಗೆ?" ದನಿ ನಡುಗದಂತೆ ಕೇಳಿದಳು.

"ಹಾಯಿ ಕಯಾಕ್‌ಗೆ. ಕೊಲ್ಲಿ ದಾಟೋ ಪಂದ್ಯಕ್ಕೆ. ಇಲ್ಲಿ ನಿಮ್ಮಷ್ಟು ಗಟ್ಟಿಯಾಗಿ ಹೊಲಿಯೋರು ಯಾರೂ ಇಲ್ಲ."

ನೋಡಿ, ಎಂಥ ಧೈರ್ಯ! ಮನೆಗೆ ಬೆಂಕಿ ಇಟ್ಟವನೇ ಬಂದು ಚಳಿ ಕಾಯಿಸಿಕೊಳ್ಳಲು ಜಾಗ ಕೇಳಿದ ಹಾಗಾಯಿತು ಅವಳಿಗೆ.

ಅವಳ ಸಿಟ್ಟಿಗೆ ಕಾರಣವಿತ್ತು. ಅಂಗಡಿಗಳ ಮುಂದಿನ ನೆರಳು ಬಟ್ಟೆ, ಲಾರಿಗಳ ಟಾರ್ಪಾಲು, ಡೇರೆ, ಇವೆಲ್ಲ ಹೊಲಿಯುವ ಮನೆತನ ಅವರದು. ಅಪ್ಪನ ಕಾಲದ ಅಂಗಡಿ. ಅಪ್ಪ ಹೋದ ಮೇಲೆ ಅಣ್ಣ ಬಟ್ಟೆ ಕಟ್ಟಲು ಹೋಗುತ್ತಿದ್ದ, ಹೊಲಿಗೆ ಪೂರ್ತಿ ಇವಳದು. ನಾಲಿಗೆಯೂ ಕೆಲಸವೂ ಎರಡೂ ಚೂಪು ಅಂತ ಎಲ್ಲರೂ ಇವಳನ್ನು 'ಸೂಜಿ' ಅಂತಲೇ ಕರೆಯುತ್ತಿದ್ದರು.

ಕಳೆದ ಪಂದ್ಯಕ್ಕೆ ಅಣ್ಣ ಒಂದು ಹಾಯಿ ಕಯಾಕ್ ತಂದಿದ್ದ. ಒಬ್ಬರೇ ಕೂರುವ ಉದ್ದನೆಯ ಪುಟ್ಟ ದೋಣಿ, ನಡುವೆ ಕಂಬ, ಕಂಬಕ್ಕೆ ಹಾಯಿ, ಗಾಳಿ ಕೈಕೊಟ್ಟರೆ ಹುಟ್ಟು ಹಾಕಿಕೊಂಡು ಬರಬಹುದು. ಆ ಹಾಯಿಯನ್ನು ತಂಗಿಯೇ ಹೊಲಿದಿದ್ದಳು. ನಡು ನೀರಿನಲ್ಲಿ ದೋಣಿ ಮಗುಚಿತು. ಅಣ್ಣನ ಭುಜದ ಕೀಲು ಜಾರಿತು, ಹಾಯಿ ಸಮುದ್ರದ ಪಾಲಾಯಿತು. 'ಸೂಜಿ ಹಾಕಿದ ಹೊಲಿಗೆ ಬಿಟ್ಟಿತಂತೆ' ಅಂತ ಮಾತು ಹಬ್ಬಿತು. ಮಾತಿಗೇನು, ಅದಕ್ಕೆ ಹುಟ್ಟೂ ಬೇಡ ಹಾಯಿಯೂ ಬೇಡ. ಒಬ್ಬೊಬ್ಬರೇ ಗಿರಾಕಿಗಳು ಬೇರೆ ಅಂಗಡಿಯ ಮೆಟ್ಟಿಲು ಹತ್ತಿದರು.

ಆಗ ಅಣ್ಣ ಮನೆಯಲ್ಲಿ ಹೇಳಿದ್ದ. "ಹೊಲಿಗೆ ಬಿಟ್ಟಿಲ್ಲ ಕಣೇ. ಆ ದೋಣಿ ಕಲಿಸೋ ಮೇಷ್ಟ್ರು ಹಳದಿ ಹಿಡಿ ಚಾಕು ಹಾಕಿ ಹಗ್ಗ ಕತ್ತರಿಸಿದ. ನಾನು ಮುಂದಿದ್ದೆ, ಹೊಟ್ಟೆಕಿಚ್ಚು ಅವನಿಗೆ."

"ಹಾಗಾದ್ರೆ ಎಲ್ಲರ ಮುಂದೆ ಹೇಳು."

"ಸಾಕ್ಷಿ ಎಲ್ಲಿದೆ? ಬಿಟ್ಟಾಕು."

ಅವಳು ಬಿಡಲಿಲ್ಲ. ಹಲ್ಲು ಕಚ್ಚಿ ಕಾದಳು. ಈಗ ಮೀನು ತಾನಾಗಿ ಬಲೆಗೆ ಬಂದು ಕೂತಿದೆ...

"ಹೊಲಿದು ಕೊಡ್ತೀನಿ ಮೇಷ್ಟ್ರೇ. ಆದ್ರೆ ಒಂದು ಮಾತು. ನಂಗೂ ಹಾಯಿ ದೋಣಿ ಕಲಿಸಬೇಕು."

ಅವನು ಅಚ್ಚರಿಯಿಂದ ನೋಡಿದ. "ನಿಮಗಾ? ಯಾಕೆ?"

"ಆಸೆ."

ಆಸೆಯೇ ಹೌದು. ಅವನ ಹಾಯಿ ಹರಿಯುವುದನ್ನು ಹತ್ತಿರದಿಂದ ಕಣ್ತುಂಬ ನೋಡುವ ಆಸೆ!

ಅಂದೇ ಬಟ್ಟೆ ಕತ್ತರಿಸಿದಳು. ಅಂಚುಗಳಿಗೆಲ್ಲ ಮೇಣ ಹಚ್ಚಿದ ದಪ್ಪ ದಾರ ಹಾಕಿದಳು. ಕಂಬದ ಪಕ್ಕದ ಹೊಲಿಗೆಗೆ ಮಾತ್ರ, ಗಾಳಿಯ ಭಾರವೆಲ್ಲ ಬೀಳುವ ಆ ಜಾಗಕ್ಕೆ, ದಿಂಬಿನ ಕವರಿಗೆ ಹಾಕುವ ಹತ್ತಿ ದಾರ. ಮೇಲೆ ಪಟ್ಟಿ ಮಡಚಿ ಮುಚ್ಚಿದಳು. ತಂಗಾಳಿಗೆ ತಡೆಯುತ್ತದೆ, ಬಿರುಗಾಳಿಗೆ ಇಲ್ಲ. 'ನನ್ನ ಹೆಸರು ಹೋಯ್ತಲ್ಲ, ಈಗ ನಿಂದೂ ಹೋಗಲಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು.'

ಪಾಠ ಶುರುವಾಯಿತು. ಮೊದಲ ದಿನ ಅವನು ಹಾಯಿ ಮುಟ್ಟಲೂ ಬಿಡಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲಿಸಿ ಬೇಕಂತಲೇ ದೋಣಿ ಮಗುಚಿದ.

"ಬೀಳೋದು ಮೊದಲು ಕಲೀರಿ. ಹತ್ತೋದು ತಾನಾಗೇ ಬರುತ್ತೆ."

'ನಿನ್ನ ಬೀಳಿಸೋಕೇ ಬಂದಿದ್ದೀನಿ, ನನಗೇ ಪಾಠನಾ?' ಮೂಗಿಗೆ ಹೋದ ಉಪ್ಪು ನೀರು ಸೀನುತ್ತಾ ಅವಳು ಅಂದುಕೊಂಡಳು. ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಬೈದುಕೊಳ್ಳಲು ಒಂದು ನೆಪ ಸಿಗುತ್ತಿತ್ತು. ಅವನು ಸುಮ್ಮನೆ ದೋಣಿಯ ಇನ್ನೊಂದು ಬದಿ ಹಿಡಿದು, ಅವಳು ಹೊಟ್ಟೆಯ ಮೇಲೆ ತೆವಳಿ ಹತ್ತುವವರೆಗೂ ನಿಂತ.

ಆಮೇಲೆ ಗಾಳಿಯ ಪಾಠ. ಕೆನ್ನೆಗೆ ಗಾಳಿ ಎಲ್ಲಿಂದ ತಾಗುತ್ತದೆ ನೋಡಿ ಅಂದ. ಹೋಗುವಾಗ ಗಾಳಿಗೆ ಎದುರು ಹೋಗಿ, ಸುಸ್ತಾದಾಗ ಅದೇ ಮನೆಗೆ ತಂದುಬಿಡುತ್ತದೆ ಅಂದ. ಜೋರಾದರೆ ಹಾಯಿ ಅರ್ಧ ಸುತ್ತಿ ಅಂದ. ಎಲ್ಲಕ್ಕಿಂತ ಹೆಚ್ಚಾಗಿ ಒಂದೇ ಮಾತು ಹೇಳಿ ತಲೆ ತಿಂದ.

"ಹಾಯಿ ಹಗ್ಗ ಕೈಯಲ್ಲೇ ಇರಲಿ. ಕಟ್ಟಬೇಡಿ."

"ಗೊತ್ತಾಯ್ತು ಮೇಷ್ಟ್ರೇ. ನಿನ್ನೇನೂ ಹೇಳಿದ್ರಿ."

"ನಾಳೇನೂ ಹೇಳ್ತೀನಿ."

ಹೇಳಿದ ಕೂಡಾ. ಒಮ್ಮೊಮ್ಮೆ ಆ ಮಾತು ಹೇಳುವಾಗ ಅವನ ಮುಖ ಬಾಡುತ್ತಿತ್ತು. ಯಾಕೋ ಏನೋ, ಅದನ್ನು ನೋಡಿ ಅವಳಿಗೂ ಬೇಸರವಾಗತೊಡಗಿತ್ತು... ಛೆ! ಹಗೆಯವನ ಮುಖ ಬಾಡಿದರೆ ಸಂತೋಷ ಪಡಬೇಕು, ಪಾಪ ಅನ್ನಿಸಬಾರದು. ಒಂದು ಸಂಜೆಯಂತೂ ಆ ಹೊಲಿಗೆ ಬಿಚ್ಚಿ ಮತ್ತೆ ಹಾಕಿಬಿಡಲೇ ಅಂತ ಎದ್ದೂ ಬಿಟ್ಟಿದ್ದಳು. ಅಷ್ಟರಲ್ಲಿ ಅತ್ತಿಗೆ ಬಂದು, "ಆ ಮೂಲೆ ಅಂಗಡಿಯವರೂ ನಮ್ಮ ಹತ್ರ ಬೇಡ ಅಂದ್ರಂತೆ ಕಣಮ್ಮಾ" ಅಂದಳು. ಎದ್ದವಳು ಕೂತಳು. ಮರುದಿನವೇ ಹಾಯಿ ಒಯ್ದು ಅವನ ಕೈಗಿಟ್ಟಳು.

ಪಂದ್ಯ ಹತ್ತಿರ ಬಂತು. ಹೊಸ ಹಾಯಿಯನ್ನು ಜೋರು ಗಾಳಿಗೆ ಒಡ್ಡಿ ನೋಡುವ ದಿನ ಸಮುದ್ರದ ತುಂಬ ಬಿಳಿ ನೊರೆ ಎದ್ದಿತ್ತು.

"ಇವತ್ತು ನೀವು ದಡದಲ್ಲಿರಿ," ಅಂದ ಮೇಷ್ಟ್ರು.

"ಬರ್ತೀನಿ."

"ಮೊಂಡಾಟ ಬೇಡ."

"ನಾನು ಹೊಲಿದ ಹಾಯಿ. ನಾನು ನೋಡಬೇಕು."

ಅವನು ಸೋತ. ಅವಳು ಕಲಿಯುವ ದೋಣಿಯ ಹಾಯಿಯನ್ನು ಅರ್ಧ ಸುತ್ತಿ ಕೊಟ್ಟು, ಹಳೇ ಮಾತನ್ನೇ ಮತ್ತೊಮ್ಮೆ ಹೇಳಿ, ಮುಂದೆ ಹೊರಟ. ಅವಳು ಹಿಂದೆ.

ಅವನ ಬಿಳಿ ಹಾಯಿ ಉಬ್ಬಿ ನಿಂತಿತ್ತು. ಈಗ ಹರಿಯುತ್ತದೆ... ಇನ್ನೇನು... ಎದುರು ಬಿಸಿಲು, ಕಣ್ಣಿಗೆ ನೊರೆ, ಏನೂ ಸರಿಯಾಗಿ ಕಾಣದು. ಹುಬ್ಬಿಗೆ ಒಂದು ಕೈ ಅಡ್ಡ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಹುಟ್ಟು. ಹಗ್ಗಕ್ಕೆ ಮೂರನೇ ಕೈ ಎಲ್ಲಿಂದ ತರುವುದು? ಅವಳು ಹಗ್ಗವನ್ನು ದೋಣಿಯ ಕೊಂಡಿಗೆ ಸುತ್ತಿ ಎರಡೆಳೆ ಗಂಟು ಬಿಗಿದಳು. ಯೋಚಿಸಿ ಮಾಡಿದ್ದಲ್ಲ, ಬೆರಳುಗಳೇ ಮಾಡಿದವು. ನೆರಳು ಬಟ್ಟೆ ಕಟ್ಟುವವರ ಮನೆಯಲ್ಲಿ ಹಗ್ಗ ಸಡಿಲ ಬಿಟ್ಟ ಮಕ್ಕಳಿಗೆ ಅಪ್ಪನಿಂದ ತಲೆಗೆ ಮೊಟಕು ಬೀಳುತ್ತಿತ್ತು. 'ಬಿಟ್ಟ ಹಗ್ಗ ಬಟ್ಟೆ ತಿನ್ನುತ್ತೆ' ಅನ್ನುತ್ತಿದ್ದ ಅಪ್ಪ. ಅಣ್ಣ ತಂಗಿ ಇಬ್ಬರಿಗೂ ಅದು ರಕ್ತಕ್ಕೇ ಇಳಿದಿತ್ತು.

ಆಗ ಬಂತು ಗಾಳಿ.

ಹಾಯಿ ಒಮ್ಮೆಲೇ ತುಂಬಿ ದೋಣಿ ವಾಲಿತು. ತಣ್ಣನೆ ನೀರು ತೊಡೆಯ ಮೇಲೆ ಹರಿಯಿತು.

"ಹಗ್ಗ ಬಿಡಿ! ಹಗ್ಗ!" ದೂರದಿಂದ ಅವನ ಕೂಗು.

ಬಿಡಲು ಕೈಯಲ್ಲಿದ್ದರೆ ತಾನೇ! ಒದ್ದೆಯಾದ ಗಂಟು ಕಲ್ಲಿನಂತೆ ಬಿಗಿದಿತ್ತು. ಉಗುರು ಹಾಕಿ ಎಳೆದಳು, ಹಲ್ಲು ಹಾಕಿದಳು. ಕಂಬ ನೀರಿಗೆ ಬಗ್ಗುತ್ತಲೇ ಇತ್ತು. ಇನ್ನೊಂದು ಗಾಳಿ ಬಂದರೆ ಮುಗಿಯಿತು.

ಅವನು ದೋಣಿ ತಿರುಗಿಸಿ ನೇರ ಅವಳತ್ತ ಬಂದ. ಪಕ್ಕಕ್ಕೆ ಬರುತ್ತಲೇ ಹಳದಿ ಹಿಡಿ ಎಳೆದು ಒಂದೇ ಏಟಿಗೆ ಹಗ್ಗ ಕತ್ತರಿಸಿದ. ಹಾಯಿ ಪಟಪಟ ಬಡಿದುಕೊಂಡು ಸಡಿಲವಾಯಿತು. ದೋಣಿ ನೆಟ್ಟಗಾಯಿತು.

ಕೊಂಡಿಯಲ್ಲಿ ಉಳಿದಿದ್ದ ಗಂಟನ್ನೂ, ಆ ಚಾಕುವನ್ನೂ ಅವಳು ನೋಡಿದಳು.

'ಅಣ್ಣ... ನೀನೂ ಕಟ್ಟಿದ್ದೆ.'

ಅದೇ ಹೊತ್ತಿಗೆ ಪರ್ರನೆ ಸದ್ದಾಯಿತು. ಅವನ ಬಿಳಿ ಹಾಯಿ ಕಂಬದ ಬುಡದಿಂದ ತುದಿಯವರೆಗೆ ಸೀಳಿ ಅವನ ಮುಖಕ್ಕೇ ಬಡಿಯಿತು. ದೋಣಿ ಮಗುಚಿತು. ಎಷ್ಟು ದಿನದಿಂದ ಕಾದಿದ್ದಳು ಇದಕ್ಕೆ! ಈಗ ಕೈಯಳತೆಯಲ್ಲೇ ನಡೆದಾಗ ಅವಳ ಬಾಯಿಂದ ಹೊರಟದ್ದು ಅಳು.

ಬಟ್ಟೆಯಡಿ ಸಿಕ್ಕಿ ಅವನು ಮೇಲೆ ಬರಲಿಲ್ಲ. ಅವಳು ಬಗ್ಗಿ, ಎರಡೂ ಕೈ ಹಾಕಿ ಒದ್ದೆ ಹಾಯಿಯನ್ನು ಎಳೆದೆಳೆದು ಬದಿಗೆ ಸರಿಸಿದಳು. ತಲೆ ಕಂಡಿತು. ಕೆಮ್ಮುತ್ತಿದ್ದ. ಅವನ ದೋಣಿಯನ್ನು ತಿರುವಿ, ಅವನು ಕಲಿಸಿದ ಹಾಗೇ ಇನ್ನೊಂದು ಬದಿ ಅದುಮಿ ಹಿಡಿದಳು.

"ಹತ್ತಿ ಮೇಷ್ಟ್ರೇ. ನಾನು ಹಿಡಿದಿದ್ದೀನಿ."

ಇಬ್ಬರೂ ಹುಟ್ಟು ಹಾಕುತ್ತಾ ದಡ ಸೇರಿದರು. ಮರಳ ಮೇಲೆ ಅವನು ಹರಿದ ಹಾಯಿಯನ್ನು ಹರಡಿಕೊಂಡು ಕೂತ.

"ಎಂಥ ಬಟ್ಟೆಗೂ ಒಂದು ಮಿತಿ ಇರುತ್ತೆ," ಅಂದ. "ನಿಮ್ಮ ತಪ್ಪಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

"ನನ್ನ ತಪ್ಪೇ. ಅದು ಹತ್ತಿ ದಾರ. ಹರೀಲಿ ಅಂತಲೇ ಹಾಕಿದ್ದು. ಅಣ್ಣನ ಹಾಯಿ ಹಗ್ಗ ನೀವು ಹೊಟ್ಟೆಕಿಚ್ಚಿಗೆ ಕತ್ತರಿಸಿದ್ರಿ ಅಂತ..."

ಅವನು ಸೀಳಿನ ಅಂಚಿನಿಂದ ಒಂದೆಳೆ ದಾರ ಎಳೆದು ನೋಡಿದ.

"ದೋಣಿ ಮಗುಚಿದಾಗ ಹಗ್ಗ ಕತ್ತರಿಸಿ ನಿಮ್ಮಣ್ಣನ್ನ ಹೊರಗೆಳೆದೆ. ಗಂಟು ಹಾಕಿದ್ದೆ ಅಂತ ಯಾರಿಗೂ ಹೇಳಬೇಡಿ, ಕಟ್ಟೋ ಕಸುಬಿನವನು ನಗೆಪಾಟಲಾಗ್ತೀನಿ ಅಂತ ನಿಮ್ಮಣ್ಣ ಕೈ ಹಿಡ್ಕೊಂಡ್ರು. ಮಾತು ಕೊಟ್ಟೆ. ಆಮೇಲೆ ಎಲ್ಲರೂ ನಿಮ್ಮ ಹೊಲಿಗೆಗೆ ಹೆಸರಿಟ್ರು. ಮಾತು ಮುರಿಯೋಕಾಗ್ಲಿಲ್ಲ. ನಿಮ್ಮ ಹಾಯಿ ಕಟ್ಟಿ ಎಲ್ಲರ ಮುಂದೆ ಕೊಲ್ಲಿ ದಾಟಿ ಬಂದ್ರೆ ಬಾಯಿ ಮುಚ್ಕೋತಾರೆ ಅಂದ್ಕೊಂಡೆ. ಅದಕ್ಕೇ ಬಂದಿದ್ದು ನಿಮ್ಮ ಅಂಗಡಿಗೆ."

ತನ್ನ ಹೆಸರನ್ನು ಎತ್ತಿ ನಿಲ್ಲಿಸಲು ಬಂದ ಹಾಯಿಗೆ ತಾನೇ ಕತ್ತರಿ ಇಟ್ಟಿದ್ದಳು. ನಾಚಿಕೆಯಿಂದ ಕುಗ್ಗಿಹೋದಳು. ಆದರೆ ಸೂಜಿ ಸೂಜಿಯೇ. ಕಣ್ಣೊರೆಸಿಕೊಂಡು ಎದ್ದು ನಿಂತಳು.

"ನಾನು ಮಾಡಿದ್ದು ಪಾಪ. ನೀವೇನು ಶಿಕ್ಷೆ ಕೊಟ್ರೂ ಸರಿ. ಆದ್ರೆ ನೀವು ಮಾಡಿದ್ದೂ ಸರಿಯಲ್ಲ ಮೇಷ್ಟ್ರೇ. ಮಾತು ಕೊಟ್ಟಿದ್ದು ಅಣ್ಣನಿಗೆ, ಮುಳುಗಿದ್ದು ನಾನು. ನನ್ನನ್ನೊಂದು ಮಾತು ಕೇಳಿದ್ರಾ?"

ಅವನು ತಲೆ ತಗ್ಗಿಸಿದ. "ಇಲ್ಲ. ತಪ್ಪಾಯ್ತು."

ಮನೆಗೆ ಹೋದವಳು ಕೊಂಡಿಯಿಂದ ಹಾಗೇ ಕಳಚಿ ತಂದಿದ್ದ ಗಂಟನ್ನು ಅಣ್ಣನ ಮುಂದೆ ಮೇಜಿನ ಮೇಲಿಟ್ಟಳು. "ನೀನೂ ಕಟ್ಟಿದ್ದೆ, ಅಲ್ವಾ?" ಅಂದಳು. ಅಣ್ಣನ ಮುಖ ಬಿಳಿಚಿತು. ಅತ್ತಿಗೆಗೆ ಎಲ್ಲ ಅರ್ಥವಾಯಿತು.

"ತಂಗಿ ಅನ್ನಕ್ಕೆ ಕಲ್ಲು ಹಾಕಿ ಭುಜಕ್ಕೆ ಎಣ್ಣೆ ಹಚ್ಚಿಸ್ಕೊಂಡ್ರಾ ನನ್ನ ಕೈಲಿ?" ಅಂದಳು.

ಮಾರನೆಯ ಬೆಳಿಗ್ಗೆ ದೋಣಿ ಶೆಡ್ಡಿನ ಮುಂದೆ ಎಲ್ಲರೂ ಸೇರಿದ್ದಾಗ ಅಣ್ಣ ಹೋಗಿ ನಿಂತ. "ನನ್ನ ತಂಗಿ ಹಾಕಿದ ಹೊಲಿಗೆ ಬಿಟ್ಟಿಲ್ಲ. ಹಗ್ಗ ಕಟ್ಟಿದ್ದು ನಾನು. ಈ ಮೇಷ್ಟ್ರು ಅದನ್ನ ಕತ್ತರಿಸದಿದ್ರೆ ನಾನು ಇವತ್ತು ಇರ್ತಿರ್ಲಿಲ್ಲ." ಯಾರೋ ನಕ್ಕರು. ಅಣ್ಣ ಆ ನಗೆಯನ್ನು ನುಂಗಿಕೊಂಡು ಬಂದ.

ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ನೆರಳು ಬಿತ್ತು. ಕಂಕುಳಲ್ಲಿ ಹರಿದ ಹಾಯಿ.

"ಎಂಥ ಗಾಳಿಗೂ ಹರಿಯಬಾರದು," ಅಂದ ಮೇಷ್ಟ್ರು. "ಅಂಥ ಹಾಯಿ ಬೇಕಿತ್ತು."

"ಇಷ್ಟಾದ ಮೇಲೂ ನನ್ನ ಹತ್ರಾನೇ?"

"ಬೇರೆಯವರು ಹೊಲಿದ್ರೆ ನಂಬಿಕೆ ಬರಲ್ಲ."

ಅವಳು ನೆಲಕ್ಕೆ ಚಾಪೆ ಹಾಸಿದಳು. "ಹಾಗಾದ್ರೆ ಕೂತು ಆ ಹತ್ತಿ ದಾರ ಎಲ್ಲ ನೀವೇ ಬಿಚ್ಚಿ. ಒಂದೆಳೆಯೂ ಉಳೀಬಾರದು."

"ಶಿಕ್ಷೆ ನಿಮಗಲ್ವಾ?"

"ನಂದು ಮತ್ತೆ ಹೊಲಿಯೋದು. ನಿಮ್ಮದು ಬಿಚ್ಚೋದು."

ಅವನು ಕೂತು ಒಂದೊಂದೇ ಎಳೆ ಬಿಡಿಸತೊಡಗಿದ. ಅವಳು ದಪ್ಪ ದಾರಕ್ಕೆ ಮೇಣ ತಿಕ್ಕಿದಳು. ಸ್ವಲ್ಪ ಹೊತ್ತಿಗೆ ಅವನು ಕೈಯಲ್ಲಿದ್ದುದನ್ನು ಕೆಳಗಿಟ್ಟ.

"ಒಂದು ಮಾತು ಹೇಳ್ಲಾ? ಮೊದಲ ದಿನ ಬಂದಿದ್ದು ನಿಮ್ಮ ಹೆಸರಿಗೋಸ್ಕರ. ಆಮೇಲೆ ದಿನಾ ಕಾಯ್ತಿದ್ದಿದ್ದು ನಿಮಗೋಸ್ಕರ."

ದಾರದ ಮೇಲೆ ಅವಳ ಬೆರಳು ನಿಂತಿತು.

"ನಾನು ದಿನಾ ನಿಮ್ಮ ಮೇಲೆ ಸೇಡಿಗೇ ಬರ್ತಿದ್ದೆ," ಅಂದಳು ಮೆಲ್ಲಗೆ. "ಕೊನೆಕೊನೆಗೆ ಅದು ಬರೀ ನೆಪ ಆಗಿತ್ತು."

"ಸೇಡು ಮುಗೀತಾ?"

"ಎಲ್ಲಿ ಮುಗೀತು? ನಮ್ಮ ಮನೆಯವರ ಎರಡು ಹಗ್ಗ ಕತ್ತರಿಸಿದ್ದೀರಿ. ಆ ಚಾಕು ಕೊಡಿ ಇಲ್ಲಿ."

ಅವನು ಹಳದಿ ಹಿಡಿಯ ಚಾಕುವನ್ನು ಅವಳ ಅಂಗೈಯಲ್ಲಿಟ್ಟ. "ನೀರಲ್ಲಿ ನಂಗೆ ಬೇಕಾದ್ರೆ?"

"ಪಕ್ಕದ ದೋಣೀಲಿ ನಾನೇ ಇರ್ತೀನಲ್ಲ."

"ಪಂದ್ಯದ ದಿನಾನಾ?"

"ದಿನಾ," ಅಂದಳು ಸೂಜಿ. "ಈಗ ದಾರ ಬಿಚ್ಚಿ. ಮಾತಾಡ್ತಾ ಕೂತ್ರೆ ಕೆಲಸ ಆಗಲ್ಲ."