ಅವನು ಬಿಟ್ಟ ಹಾವುಗಳು

“ಏಯ್! ಆ ಚೀಲ ಬಿಚ್ಚಬೇಡಿ!”

ಅವಳ ಕೂಗಿಗೆ ಕಾಡಿನ ಹಕ್ಕಿಗಳೆಲ್ಲ ಎದ್ದು ಹಾರಿದವು. ಅವನು ಮಾತ್ರ ಏಳಲಿಲ್ಲ. ಕುಕ್ಕರಗಾಲಲ್ಲಿ ಕೂತು ಗಂಟು ಬಿಚ್ಚಿಯೇಬಿಟ್ಟ. ಮಾರುದ್ದದ ಕೇರೆಹಾವೊಂದು ಸರ್ರನೆ ತರಗೆಲೆಯೊಳಗೆ ನುಗ್ಗಿ ಮಾಯವಾಯಿತು.

“ಮೆಲ್ಲಗೆ ಮಾತಾಡಿ ಮೇಡಂ, ಹೆದರುತ್ತೆ.”

“ಹಾವಿಗೆ ಕಿವಿ ಎಲ್ಲಿದೆ ರೀ?”

“ನನಗಿದೆಯಲ್ಲ!”

ಅವಳ ಮೈಯೆಲ್ಲ ಉರಿದುಹೋಯಿತು. “ಎಷ್ಟು ದಿನದಿಂದ ನಡೀತಿದೆ ಈ ಘನಕಾರ್ಯ?”

“ಮೂರು ವರ್ಷ ಆಯ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ನಾನು. ಯಾರ ಮನೆಗೆ ಹಾವು ಬಂದ್ರೂ ನನ್ನನ್ನೇ ಕರೀತಾರೆ. ಹಿಡಿದು ತಂದು ಇಲ್ಲಿ ಬಿಡ್ತೀನಿ. ಇನ್ನೂರು ದಾಟಿದೆ.”

ಇನ್ನೂರು!

ಅವಳು ಕಾಲೇಜಿನಲ್ಲಿ ಪಾಠ ಹೇಳುವವಳು. ನಾಲ್ಕು ವರ್ಷದಿಂದ ಈ ಕಾಡಿನ ಹಾವುಗಳನ್ನು ಹಿಡಿದು, ಹೊಟ್ಟೆಯ ಹುರುಪೆಯ ತುದಿ ಕತ್ತರಿಸಿ ಗುರುತು ಮಾಡಿ ಬಿಡುತ್ತಿದ್ದಳು. ಗುರುತಿಲ್ಲದ ಹಾವುಗಳು ಸಿಗುತ್ತಲೇ ಇದ್ದವು. ಹಾಗಾಗಿ ಈ ಕಾಡಿನಲ್ಲಿ ಹಾವುಗಳ ಸಂಖ್ಯೆ ಏರುತ್ತಿದೆ ಎಂದು ಲೇಖನ ಬರೆದಿದ್ದಳು. ಮುಂದಿನ ತಿಂಗಳು ಅಚ್ಚಾಗಲಿತ್ತು. ಅದರ ಮೇಲೇ ಪ್ರೊಫೆಸರ್ ಹುದ್ದೆ ನಿಂತಿತ್ತು.

ಏರಿದ್ದು ಹಾವುಗಳ ಸಂತಾನವಲ್ಲ... ಇವನ ಚೀಲಗಳು!

“ಅಷ್ಟೂ ಬದುಕಿವೆ ಅಂದ್ಕೊಂಡಿದೀರಾ? ಅವಕ್ಕೆ ಇಲ್ಲಿ ಬಿಲ ಗೊತ್ತಿಲ್ಲ, ನೀರು ಗೊತ್ತಿಲ್ಲ. ಕಾಪಾಡ್ತೀನಿ ಅಂತ ಕೊಲ್ತಿದೀರಿ!”

ಅವನ ಮುಖ ಇಳಿದುಹೋಯಿತು. “ನನಗೆ ಯಾರೂ ಹೇಳಲಿಲ್ಲ ಮೇಡಂ...”

“ಈಗ ಹೇಳಿದೆನಲ್ಲ? ಬಿಟ್ಟವರು ನೀವು, ಹುಡುಕೋರೂ ನೀವೇ. ನಾಳೆ ಬೆಳಗ್ಗೆ ಏಳಕ್ಕೆ ಬನ್ನಿ!”

ಅವನು ಆರೂವರೆಗೇ ಬಂದಿದ್ದ.

ಮೂರು ವಾರ ಇಬ್ಬರೂ ಬಿದ್ದ ಕೊಂಬೆ, ಕಲ್ಲುಗಳನ್ನೆಲ್ಲ ಮಗುಚಿ ಹುಡುಕಿದರು. ತನ್ನ ಲೇಖನದ ಪಾಡನ್ನೂ ಅವಳು ಬೈಯುತ್ತಲೇ ಅವನಿಗೆ ಹೇಳಿದಳು. ಸಿಕ್ಕಿದ್ದು ಬಹುಪಾಲು ಮೂಳೆ. ಒಳ್ಳೆಯದು ಮಾಡಹೊರಟವರ ಕೈಯಲ್ಲಿ ಸತ್ತಷ್ಟು ಜೀವಗಳು ಕೆಟ್ಟವರ ಕೈಯಲ್ಲೂ ಸತ್ತಿರಲಾರವು! ಪ್ರತಿ ಮೂಳೆಯ ಮುಂದೆಯೂ ಅವನು ಒಂದು ಗಳಿಗೆ ಸುಮ್ಮನೆ ಕೂರುತ್ತಿದ್ದ. ಅದನ್ನು ಕಂಡಾಗೆಲ್ಲ ಅವಳಿಗೆ ಬೈಯುವುದೇ ಮರೆತುಹೋಗುತ್ತಿತ್ತು.

‘ಇವನನ್ನು ನೋಡಿದರೆ ಕೋಪ ಯಾಕೆ ಇಳಿಯುತ್ತದೆ?’ ಎಂದು ಅವಳಿಗೆ ಮತ್ತಷ್ಟು ಕೋಪ!

ಲೇಖನದ ವಿಷಯ ತಿಳಿದ ವಿಭಾಗದ ಮುಖ್ಯಸ್ಥರು ನಕ್ಕರು. “ಕಾಡಿನೊಳಗಿನ ಮಾತು ಯಾರಿಗೆ ಗೊತ್ತಾಗುತ್ತಮ್ಮ? ಹಾವೂ ಸಾಯಬಾರದು, ಕೋಲೂ ಮುರೀಬಾರದು. ಸುಮ್ಮನಿದ್ದುಬಿಡು.”

“ಹಾವು ಆಗಲೇ ಸತ್ತಿವೆ ಸರ್!”

ಮನೆಯಲ್ಲಿ ಅಮ್ಮನ ಗೋಳು ಬೇರೆ. “ಪ್ರೊಫೆಸರ್ ಆಗ್ತಾಳೆ ಅಂತ ನೆಂಟರಿಗೆಲ್ಲ ಹೇಳಿದೀನಲ್ಲೇ!”

“ಹಾಗಾದ್ರೆ ನೀನೇ ಆಗು!”

ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಬೆಳಗ್ಗೆ ಲೇಖನ ಹಿಂತೆಗೆದುಕೊಳ್ಳುವ ಪತ್ರ ಕಳಿಸಿದಳು. ಮುಖ್ಯಸ್ಥರಿಗೆ ತಿಳಿಸಲು ಹೋದರೆ, ಅರೆತೆರೆದ ಬಾಗಿಲಿನಿಂದ ಅವನ ದನಿ!

“ಆ ಲೇಖನ ತಪ್ಪು ಸಾರ್. ಅದರಲ್ಲಿರೋ ಸಂಖ್ಯೆ ಯಾವುದೂ ಸರಿಯಿಲ್ಲ.”

ಅವಳ ಎದೆಗೆ ಯಾರೋ ಒದ್ದಂತಾಯಿತು. ಬಾಗಿಲು ದಡಾರನೆ ತಳ್ಳಿದಳು.

“ಚಾಡಿ ಹೇಳೋಕೆ ಬಂದ್ರಾ? ಮೂರು ವಾರ ಜೊತೆಗೆ ಓಡಾಡಿದ್ದು ಇದಕ್ಕೇನಾ? ಥೂ! ನಿಮಗಿಂತ ಆ ಹಾವುಗಳೇ ವಾಸಿ!”

ಅವನು ತಲೆ ತಗ್ಗಿಸಿ ಹೊರಟೇಹೋದ.

“ಸಾಕು ಮಾಡಮ್ಮ!” ಮುಖ್ಯಸ್ಥರು ಹಣೆ ಒತ್ತಿಕೊಂಡರು. “ಅರ್ಧ ಗಂಟೆಯಿಂದ ನನ್ನ ತಲೆ ತಿಂದಿದಾನೆ. ತಪ್ಪೆಲ್ಲ ತನ್ನದಂತೆ, ನಿನ್ನ ಹೆಸರು ಕೆಡಬಾರದಂತೆ. ಬರೆದು ಸಹಿ ಬೇರೆ ಹಾಕಿದಾನೆ, ನೋಡು!”

ಮೇಜಿನ ಮೇಲೆ ಎರಡು ಹಾಳೆ. ಗುಂಡಗಿನ ಅಕ್ಷರ. ಅಲ್ಲಲ್ಲಿ ಗ್ರೀಸಿನ ಬೆರಳಗುರುತು.

ಅವಳು ಓಡಿದಳು. ಗೇಟಿನ ಬಳಿ ಅವನು ಬೈಕಿಗೆ ಕಿಕ್ ಹೊಡೆಯುತ್ತಿದ್ದ.

“ನಿಲ್ರೀ! ನನಗೊಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಬೈತಿದ್ರಿ.”

“ಈಗೇನು ಮುದ್ದು ಮಾಡ್ತಿದೀನಾ?”

ಹೇಳಿದ ಮೇಲೆ ಅವಳ ಕಿವಿ ಕೆಂಪಾಯಿತು. ಅವನ ಕಾಲು ಕಿಕ್ಕರಿನ ಮೇಲೇ ನಿಂತಿತು.

“ಲೇಖನ ನಾನೇ ವಾಪಸ್ ತಗೊಂಡೆ,” ಎಂದಳು ಮೆಲ್ಲಗೆ. “ಹುದ್ದೆನೂ ಹೋಯ್ತು. ಮತ್ತೆ ಮೊದಲಿಂದ ಎಣಿಸಬೇಕು. ನಾಲ್ಕು ವರ್ಷ.”

“ನಾಲ್ಕು ವರ್ಷಾನೂ ನನ್ನನ್ನ ದಿನಾ ಬೈತೀರಾ?”

“ಆಮೇಲೂ ಬೈತೀನಿ. ಸಾಯೋವರೆಗೂ! ಬೇಡ ಅಂದ್ರೆ ಈಗಲೇ ಹೇಳಿ.”

“ಬೇಡ ಅನ್ನೋಕೆ ಧೈರ್ಯ ಬೇಕಲ್ಲ ಮೇಡಂ...”

“ಹೆದರಿಕೊಂಡು ಒಪ್ಪೋ ಗಂಡಸು ನನಗೆ ಬೇಕಾಗಿಲ್ಲ!”

“ಹೆದರಿಕೆಯಿಂದಲ್ಲ, ಪ್ರೀತಿಯಿಂದ ಕಣೇ!”

ಅವನು ನಾಲಿಗೆ ಕಚ್ಚಿಕೊಂಡ.

“ಕಣೇ... ಅಂದ್ರಾ?”

“ಬಾಯಿ ತಪ್ಪಿತು ಮೇಡಂ.”

ಅವಳ ಕಣ್ಣು ತುಂಬಿಬಂತು. ದನಿ ಮಾತ್ರ ಇನ್ನೂ ಗಡುಸಾಗಿಯೇ ಇತ್ತು.

“ತಪ್ಪಲಿ ಬಿಡಿ. ಇನ್ನೊಂದು ಸಲ ತಪ್ಪಲಿ.”