ಮಾಲು ಕೋಣೆಯ ಸಿಹಿ ವಾಸನೆ

ದೂರು ಬಂದದ್ದು ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ. ಠಾಣೆಯಲ್ಲಿ ಆಗಷ್ಟೇ ನೆಲ ಒರೆಸಿ ಮುಗಿದಿತ್ತು. ಒದ್ದೆ ನೆಲದ ಮೇಲೆ ಚಪ್ಪಲಿಯ ಗುರುತು ಮೂಡಿಸುತ್ತ ಬಂದ ಆಸಾಮಿ, ಕೂತ್ಕೊಳ್ಳಿ ಎಂದರೂ ಕೂರಲಿಲ್ಲ.

"ನನ್ನ ತಂಗೀನ ಸುಟ್ಟು ಹಾಕಿದ್ದಾನೆ ಮೇಡಂ. ಅವಳ ಗಂಡ."

ಹಿಂದಿನ ಸಂಜೆ ಅಗ್ನಿಶಾಮಕದವರು ಆರಿಸಿದ ಬೆಂಕಿಯ ಸುದ್ದಿ ಇನ್ಸ್‌ಪೆಕ್ಟರ್‌ಗೆ ಗೊತ್ತಿತ್ತು. ಅದರಲ್ಲಿ ಸುಟ್ಟ ಹೆಂಗಸು ಬೆಳಗಿನ ಜಾವ ಆಸ್ಪತ್ರೆಯಲ್ಲಿ ತೀರಿಕೊಂಡಳೆಂದು ತಿಳಿದದ್ದು ಈಗಲೇ. ಇನ್ಸ್‌ಪೆಕ್ಟರ್ ಪೆನ್ನು ತೆಗೆದಳು.

"ನೀವು ಕಣ್ಣಾರೆ ನೋಡಿದ್ರಾ?"

"ನೋಡಬೇಕಾ? ಅವನು ಮೇಜು ಕುರ್ಚಿಗೆ ಪಾಲಿಶ್ ಹೊಡೆಯೋನು. ಮನೆ ತುಂಬ ಥಿನ್ನರ್ ಡಬ್ಬ. ಅವಳು ಒಳಗೆ, ಇವನು ಹೊರಗೆ. ಪಕ್ಕದ ಮನೆಯವರಿಗೆ ಥಿನ್ನರ್ ವಾಸನೆ ಬಂದಿದೆ. ಕೇಳಿ ಬೇಕಾದ್ರೆ."

"ನಿಮ್ಮ ಕೆಲಸ?"

"ಸ್ವಂತ ಅಂಗಡಿ. ಎಲೆಕ್ಟ್ರಿಕಲ್."

ಸಹಿ ಹಾಕಲು ಬಗ್ಗಿದಾಗ ಅವನ ಅಂಗಿಯ ತೋಳಿನಲ್ಲಿ ಸಣ್ಣ ಸಣ್ಣ ತೂತುಗಳು ಕಂಡವು. ನುಸಿ ತಿಂದಿರಬೇಕು ಎಂದುಕೊಂಡಳು. ಕೊಲೆ ಆರೋಪದ ಎಫ್‌ಐಆರ್ ದಾಖಲಾಯಿತು. ಮೇಲಧಿಕಾರಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ನಾಳೆ ಸಂಜೆಯೊಳಗೆ ಗಂಡನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ಮನೆಯೆಂದರೆ ಒಂದು ಉದ್ದನೆಯ ಕೋಣೆ, ಅದಕ್ಕೊಂದೇ ಬಾಗಿಲು. ಬಾಗಿಲ ಹಿಂದೆ ಪ್ಲಗ್ಗು. ಪ್ಲಗ್ಗಿನ ಕೆಳಗೆ ನೆಲ ಸಿಡಿದು, ಗೋಡೆಯುದ್ದಕ್ಕೂ ಮಸಿ ಹತ್ತಿತ್ತು. ಸತ್ತವಳ ಎಲೆಕ್ಟ್ರಿಕ್ ಸ್ಕೂಟರು ಮಾತ್ರ ಹೊರಗಡೆ ಏನೂ ಅರಿಯದ ಹಾಗೆ ನಿಂತಿತ್ತು. ಸುಟ್ಟದ್ದು ಅದರ ಬ್ಯಾಟರಿ. ಬಿಚ್ಚಿ ಒಳಗೆ ತಂದು ಚಾರ್ಜಿಗೆ ಹಾಕುವಂಥದ್ದು. ಬೆಂಕಿ ಎದ್ದದ್ದು ಬಾಗಿಲಲ್ಲೇ. ಒಳಗಿದ್ದವಳಿಗೆ ಹೊರಬರಲು ಬೇರೆ ದಾರಿ ಇರಲಿಲ್ಲ.

ಪಕ್ಕದ ಮನೆಯಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮಾತಾಡಿದಳು. "ಮೊದಲು ಸಿಹಿ ವಾಸನೆ ಬಂತಮ್ಮ. ಥಿನ್ನರ್ ಥರ, ಉಗುರಿಗೆ ಹಚ್ಚೋ ಬಣ್ಣದ ಥರ. ಬೆಂಕಿ ಕಂಡಿದ್ದು ಆಮೇಲೆ."

"ಗಂಡ ಎಲ್ಲಿದ್ದ?"

"ನಲ್ಲಿ ಹತ್ತಿರ. ಬಕೆಟ್ ಬಿಸಾಕಿ ಓಡಿ ಬಂದ. ನಾನು ಸುಳ್ಳು ಹೇಳಲ್ಲ, ಬೆಂಕಿಯೊಳಗೇ ನುಗ್ಗಿದ."

ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಬರೆಯುವುದು, ಕಟ್ಟುವುದು, ಮುದ್ರೆ ಒತ್ತುವುದು ದಫೇದಾರರ ಪಾಲಿನದು. ಠಾಣೆಯಲ್ಲಿ ಅವರನ್ನು ಅರಗಿನ ದಫೇದಾರರೆಂದೇ ಕರೆಯುತ್ತಿದ್ದರು. ಅವರು ಒತ್ತಿದ ಮುದ್ರೆಯನ್ನು ಯಾವ ವಕೀಲನೂ ಇದುವರೆಗೆ ಅಲ್ಲಾಡಿಸಿರಲಿಲ್ಲ, ಆ ಜಂಭ ಅವರಿಗೂ ಸ್ವಲ್ಪ ಇತ್ತು. ಬ್ಯಾಟರಿಯ ಡಬ್ಬಿಯೊಳಗೆ ಬೆರಳುದ್ದದ ಸೆಲ್ಲುಗಳು ಸಾಲಾಗಿದ್ದವು. ಅರ್ಧ ಒಡೆದು ಬೂದಿಯಾಗಿದ್ದರೆ, ಇನ್ನರ್ಧ ಕಪ್ಪಾಗಿದ್ದರೂ ಇಡಿಯಾಗಿದ್ದವು. ಅವುಗಳ ನಡುವೆ ಒಂದು ದಪ್ಪ ತಾಮ್ರದ ತಂತಿ, ತುದಿಗೆ ಸುತ್ತಿಗೆಯಿಂದ ಬಡಿದು ಕೂರಿಸಿದ ಉಂಗುರ. ಅಷ್ಟು ನಾಜೂಕಿನ ಸೆಲ್ಲುಗಳ ಮಧ್ಯೆ ಈ ಒರಟು ತಂತಿ ಯಾಕೆ ಎಂದು ಇನ್ಸ್‌ಪೆಕ್ಟರ್‌ಗೆ ಅನ್ನಿಸಿತು. ಫೋಟೊ ತೆಗೆಸಿದಳು.

ಸುಟ್ಟ ಬಟ್ಟೆ, ಮಸಿಯ ಮಾದರಿ ಪ್ರಯೋಗಾಲಯಕ್ಕೆ ಹೋದವು. ಬ್ಯಾಟರಿಯನ್ನು ದಫೇದಾರರು ಎರಡು ಪದರ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ದಾರ ಕಟ್ಟಿ, ಅರಗು ಕಾಯಿಸಿ ಮುದ್ರೆ ಒತ್ತಿದರು. ಮಧ್ಯಾಹ್ನದೊಳಗೆ ಗಂಟು ಠಾಣೆಯ ಮಾಲು ಕೋಣೆ ಸೇರಿತು. ವಶಪಡಿಸಿಕೊಂಡ ವಸ್ತುಗಳನ್ನೆಲ್ಲ ಇಡುವ ಆ ಕಿಟಕಿಯಿಲ್ಲದ ಕೋಣೆಯಲ್ಲಿ, ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿಟ್ಟು ಬೀಗ ಹಾಕಿದರು.

ಗಂಡನ ಎರಡೂ ಕೈಗೆ ಬ್ಯಾಂಡೇಜು. ಕುರ್ಚಿಯಲ್ಲಿ ಕೂತವನು ಆ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ.

"ಜಗಳ ಆಗಿತ್ತಾ?"

"ಇಲ್ಲ."

"ಬ್ಯಾಟರಿ ಹಳೇದಾ?"

"ಮೂರು ವರ್ಷದ್ದು. ಅವಳ ಕಾಲು ಮುರಿದಾಗ ಸ್ಕೂಟರ್ ಸುಮ್ಮನೆ ನಿಂತಿತ್ತು, ಆರೇಳು ತಿಂಗಳು. ಬ್ಯಾಟರಿ ಪೂರ್ತಿ ಸತ್ತು ಹೋಯ್ತು. ಸರ್ವೀಸ್‌ನವರು ಇದು ಇನ್ನು ಆಗಲ್ಲ, ಹೊಸದು ಹಾಕ್ಸಿ ಅಂದ್ರು."

"ಹಾಕ್ಸಿದ್ರಾ?"

ಅವನು ಇಲ್ಲವೆಂದು ತಲೆಯಾಡಿಸಿದ.

"ಮತ್ತೆ ನಿನ್ನೆ ಹೇಗೆ ಚಾರ್ಜ್ ಆಗ್ತಿತ್ತು?"

"ರಿಪೇರಿ ಆಯ್ತು."

"ಯಾರ ಹತ್ರ?"

"ಗೊತ್ತಿಲ್ಲ ಮೇಡಂ."

ಅಲ್ಲಿಯವರೆಗೆ ನೇರವಾಗಿ ಉತ್ತರಿಸಿದವನು ಈಗ ಕಣ್ಣು ತಪ್ಪಿಸಿದ. ಹತ್ತು ಸಲ ಕೇಳಿದರೂ ಅದೇ ಉತ್ತರ. ಸುಳ್ಳು ಹೇಳುತ್ತಿದ್ದಾನೆಂಬುದು ಸ್ಪಷ್ಟವಿತ್ತು. ಆದರೆ ತನ್ನನ್ನು ಉಳಿಸಿಕೊಳ್ಳಲು ಹೇಳುತ್ತಿರುವಂತೆ ಕಾಣಲಿಲ್ಲ, ಅದೇ ಅವಳ ತಲೆ ಕೆಡಿಸಿತು.

ಬುಧವಾರ ಮಧ್ಯಾಹ್ನ ಅವಳು ಗಂಡನ ಬಂಧನದ ಕಾಗದಗಳನ್ನು ಮುಂದಿಟ್ಟುಕೊಂಡು ಕೂತಿದ್ದಳು. ಮಾಲು ಕೋಣೆಯ ಕಡೆಯಿಂದ ದಫೇದಾರರ ದನಿ ಕೇಳಿಸಿತು.

"ಮೇಡಂ, ಬೀರು ಒಳಗೆ ಹಾವು ಸೇರಿಕೊಂಡಿದೆ. ಬುಸುಗುಡ್ತಿದೆ!"

ಅವಳು ಬಾಗಿಲಿಗೆ ಬಂದು ನಿಂತಳು. ಬುಸುಗುಡುವ ಸದ್ದು ನಿಜ. ಬೀರುವಿನ ಸಂದಿನಿಂದ ಬಿಳಿ ಹೊಗೆ ಸಣ್ಣಗೆ ಒಸರುತ್ತಿತ್ತು. ಮತ್ತೆ ವಾಸನೆ. ಸಿಹಿಯಾದ, ಗಂಟಲಿಗೆ ಹಿಡಿಯುವ, ಥಿನ್ನರಿನಂಥ ವಾಸನೆ. ಈ ಕೋಣೆಯಲ್ಲಿ ಥಿನ್ನರ್ ಇಲ್ಲ. ಪಾಲಿಶ್ ಹೊಡೆಯುವವನೂ ಇಲ್ಲ.

"ಹೊರಗೆ ಬನ್ನಿ! ಬೀಗ ಮುಟ್ಟಬೇಡಿ!"

ದಫೇದಾರರ ತೋಳು ಹಿಡಿದು ಎಳೆದದ್ದೇ ತಡ, ಬೀರುವಿನ ಬಾಗಿಲು ಢಬ್ಬೆಂದು ಬಿರಿಯಿತು. ನಾಲಗೆ ಚಾಚಿದ ಉರಿ ಪಕ್ಕದ ಅರೆಗೂ ಹತ್ತಿತು. ಕಾನ್‌ಸ್ಟೆಬಲ್‌ಗಳು ಕೊಳವೆ ಎಳೆದು ನೀರು ಸುರಿದರು. ಆರಿತು ಎಂದುಕೊಂಡಾಗ ಮತ್ತೆ ಹೊತ್ತಿತು. ಇನ್ನೊಂದು ಸೆಲ್ಲು, ಅದರ ಹಿಂದೆ ಮತ್ತೊಂದು. ಅರ್ಧ ಗಂಟೆ ಹಿಡಿಯಿತು.

ದಫೇದಾರರು ಒದ್ದೆ ನೆಲದಲ್ಲೇ ಕುಸಿದು ಕೂತರು. "ನಾನೇ ಕಟ್ಟಿದ್ದು ಮೇಡಂ. ಸತ್ತಿದೆ ಅಂತ ಕಟ್ಟಿದೆ."

ವಿಧಿವಿಜ್ಞಾನ ಪ್ರಯೋಗಾಲಯದ ಅಧಿಕಾರಿ ಸಂಜೆ ನಾಲ್ಕಕ್ಕೆ ಬಂದರು. ಬೂದಿ ಕೆದಕಿದರು, ಫೋಟೊ ನೋಡಿದರು.

"ನಿಮ್ಮ ಅದೃಷ್ಟ ಚೆನ್ನಾಗಿದೆ, ಹಗಲಲ್ಲಿ ಆಯ್ತು. ಸುಟ್ಟ ಲಿಥಿಯಂ ಬ್ಯಾಟರಿ ಎರಡು ದಿನ ಬಿಟ್ಟು ಕೂಡ ಹೊತ್ತಿಕೊಳ್ಳುತ್ತೆ."

"ಆ ವಾಸನೆ?"

"ಸೆಲ್ಲಿನೊಳಗಿನ ದ್ರವದ್ದು. ಬಿಸಿ ಏರಿದಾಗ ಅದು ಆವಿಯಾಗಿ ಮೊದಲು ಹೊರಗೆ ಬರುತ್ತೆ, ಬೆಂಕಿ ಹಿಂದೆ. ಮನೆಯಿಂದ ತಂದ ಬಟ್ಟೆ, ಮಸಿ ಎಲ್ಲ ಪರೀಕ್ಷೆ ಮಾಡಿದ್ವಿ. ಥಿನ್ನರ್ ಗುರುತೇ ಇಲ್ಲ."

"ಸತ್ತ ಬ್ಯಾಟರಿ ಯಾಕೆ ಹೀಗಾಯ್ತು?"

"ಸತ್ತಿದ್ದಕ್ಕೇ. ಲಿಥಿಯಂ ಬ್ಯಾಟರಿ ಒಂದು ಮಟ್ಟಕ್ಕಿಂತ ಕೆಳಗೆ ಇಳಿದ್ರೆ ಒಳಗಿನ ತಾಮ್ರದ ಹಾಳೆ ಕರಗೋಕೆ ಶುರುವಾಗುತ್ತೆ. ಮತ್ತೆ ಚಾರ್ಜ್ ಮಾಡಿದ್ರೆ ಆ ತಾಮ್ರ ಸೂಜಿ ಹಾಗೆ ಬೆಳೆಯುತ್ತೆ. ಎರಡು ಧ್ರುವಗಳ ಮಧ್ಯೆ ಇರೋದು ಕಾಗದಕ್ಕಿಂತ ತೆಳು ಪೊರೆ, ಅದನ್ನ ಚುಚ್ಚುತ್ತೆ. ಮೊದಲ ದಿನವೇ ಆಗಬೇಕು ಅಂತಿಲ್ಲ. ತಿಂಗಳು ಚೆನ್ನಾಗಿ ಓಡಿ ಆಮೇಲೂ ಆಗಬಹುದು. ಅದಕ್ಕೇ ಒಳಗೊಂದು ಕಾವಲು ಸರ್ಕ್ಯೂಟ್ ಇರುತ್ತೆ. ಸತ್ತ ಬ್ಯಾಟರಿಗೆ ಅದು ಚಾರ್ಜ್ ಬಿಡೋದೇ ಇಲ್ಲ." ಫೋಟೊದಲ್ಲಿದ್ದ ತಂತಿಯ ಮೇಲೆ ಬೆರಳಿಟ್ಟರು. "ಇಲ್ಲಿ ಯಾರೋ ಕಾವಲುಗಾರನ್ನ ತಪ್ಪಿಸಿ ನೇರ ತಂತಿ ಎಳೆದಿದ್ದಾರೆ. ಇಂಥ ತಂತಿ, ಇಂಥ ಉಂಗುರ ಆಸಿಡ್ ಬ್ಯಾಟರಿಯವರ ಕೈಕೆಲಸ. ಆಸಿಡ್ ಬ್ಯಾಟರಿ ಸತ್ರೆ ನಿಧಾನಕ್ಕೆ ಚಾರ್ಜ್ ಕೊಟ್ಟು ಎಷ್ಟೋ ಸಲ ಎಬ್ಬಿಸಬಹುದು. ಇದು ಆ ಜಾತಿಯಲ್ಲ."

ಠಾಣೆಯ ಇನ್ವರ್ಟರಿಗೆ ಆಸಿಡ್ ನೀರು ಹಾಕಲು ಬರುವವನು ಇನ್ಸ್‌ಪೆಕ್ಟರ್‌ಗೆ ನೆನಪಾದ. ಅವನ ಅಂಗಿಯೂ ತೂತು ತೂತು. ಆಸಿಡ್ ಹನಿ ಬಿದ್ದ ತೂತು. ನುಸಿಯ ಕೆಲಸವಲ್ಲ. ಅವಳು ಟೋಪಿ ಎತ್ತಿಕೊಂಡಳು.

ದೂರು ಕೊಟ್ಟ ಅಣ್ಣನ ಅಂಗಡಿ ಎರಡು ಬೀದಿ ಆಚೆ. ಗೋಡೆಗೊರಗಿಸಿದ ಲಾರಿ ಬ್ಯಾಟರಿಗಳ ಮೇಲೆ ಧೂಳು ಕೂತಿತ್ತು. ಮೇಜಿನ ಮೇಲೆ ಸುತ್ತಿಗೆ, ದಪ್ಪ ತಂತಿಯ ಸುರುಳಿ, ಅದರ ತುದಿಗೆ ಬಡಿದು ಕೂರಿಸಿದ ಉಂಗುರ. ಅವಳು ಮೇಜಿನ ಮೇಲೆ ಫೋಟೊ ಇಟ್ಟಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅವನು ಫೋಟೊ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ತಂಗಿಯ ಮನೆಯ ಬೂದಿಯಲ್ಲಿ ತನ್ನದೇ ಕೈಕೆಲಸವನ್ನು ಮೊದಲ ದಿನವೇ ಕಂಡಿದ್ದ.

"ಇನ್ನೊಂದಿದೆ ಮೇಡಂ," ಎಂದ.

"ಏನು?"

"ಹೀಗೇ ಎಬ್ಬಿಸಿದ ಬ್ಯಾಟರಿ. ಆಸ್ಪತ್ರೆ ನರ್ಸಮ್ಮಂದು. ಹಿಂದಿನ ಓಣಿ, ನೀಲಿ ಗೇಟು. ಕೆಲಸದಿಂದ ಬಂದ ತಕ್ಷಣ ಚಾರ್ಜಿಗೆ ಹಾಕ್ತಾರೆ."

"ಎಷ್ಟು ಹೊತ್ತಿಗೆ ಬರ್ತಾರೆ?"

"ಇಷ್ಟು ಹೊತ್ತಿಗೆ."

ಅವಳಿಗೆ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಎರಡು ದಿನ ಗೊತ್ತಿದ್ದೂ ಬಾಯಿ ಬಿಡದವನು! ಅವನ ಫೋನಿನಿಂದಲೇ ನರ್ಸ್‌ಗೆ ಕರೆ ಮಾಡಿಸಿದಳು. ರಿಂಗಾಗುತ್ತಲೇ ಇತ್ತು. ಕೊನೆಗೆ ಎತ್ತಿದರು.

"ಬ್ಯಾಟರಿ ಚಾರ್ಜಿಗೆ ಹಾಕಿದೀರಾ?"

"ಈಗಷ್ಟೇ. ಯಾರು ಮಾತಾಡೋದು? ಏನೋ ವಾಸನೆ ಬೇರೆ ಬರ್ತಿದೆ..."

"ಪೊಲೀಸ್. ಅದರ ಹತ್ರ ಹೋಗಬೇಡಿ. ಹಿಂದಿನ ಬಾಗಿಲಿಂದ ಎಲ್ಲರನ್ನೂ ಕರ್ಕೊಂಡು ಹೊರಗೆ ಹೋಗಿ. ಈಗ್ಲೇ!"

ಜೀಪು ತಲುಪುವಷ್ಟರಲ್ಲಿ ನರ್ಸ್ ಮತ್ತು ಅವರ ಅತ್ತೆ ಓಣಿಯಲ್ಲಿದ್ದರು. ದಫೇದಾರರು ಹೊರಗಿನ ಮೀಟರ್ ಪೆಟ್ಟಿಗೆಯಲ್ಲಿ ಕರೆಂಟು ತೆಗೆದರು. ಉಬ್ಬಿ ಹೊಗೆಯಾಡುತ್ತಿದ್ದ ಬ್ಯಾಟರಿಯನ್ನು ಅಗ್ನಿಶಾಮಕದವರು ಉದ್ದನೆಯ ಕೊಕ್ಕೆಯಲ್ಲಿ ಎಳೆದು ನೀರಿನ ಡ್ರಮ್ಮಿಗೆ ಇಳಿಸಿದರು. ಈ ಸಲ ಬಟ್ಟೆಯೂ ಇಲ್ಲ, ಅರಗೂ ಇಲ್ಲ. ಅದು ನೀರಿನ ತಳದಲ್ಲಿ ಬಹಳ ಹೊತ್ತು ಗುಳ್ಳೆ ಬಿಡುತ್ತಲೇ ಇತ್ತು.

ಅಣ್ಣನ ಬಂಧನ ಸಂಜೆ ಆರಕ್ಕೆ ದಾಖಲಾಯಿತು. ಹೇಳಿಕೆ ಬರೆದುಕೊಳ್ಳುವಾಗ ಇನ್ಸ್‌ಪೆಕ್ಟರ್ ಕೇಳಿದಳು, "ಕಾವಲು ಸರ್ಕ್ಯೂಟ್ ಬೇಡ ಅಂತಿತ್ತು. ಯಾಕೆ ಅದನ್ನ ತಪ್ಪಿಸಿ ತಂತಿ ಎಳೆದೆ?"

"ಸತ್ತ ಬ್ಯಾಟರಿ ಎಬ್ಬಿಸೋದ್ರಲ್ಲಿ ನನ್ನ ಬಿಟ್ರಿಲ್ಲ ಅಂತ ಅವಳು ಊರಿಗೆಲ್ಲ ಹೇಳ್ತಿದ್ಳು. ಈ ಹೊಸ ಬ್ಯಾಟರಿಗಳು ಬಂದ್ಮೇಲೆ ಅಂಗಡಿಗೆ ಬರೋರೇ ಇಲ್ಲ. ಅವಳು ಕುಂಟ್ಕೊಂಡು ಬಂದು ಇದನ್ನ ಮೇಜಿನ ಮೇಲಿಟ್ಳು. ಸರ್ವೀಸ್‌ನವರಿಗೆ ಏನು ಗೊತ್ತು, ನಮ್ಮಣ್ಣ ಮಾಡ್ತಾನೆ ಅಂದ್ಳು." ಅವನು ತೋಳಿನ ತೂತುಗಳನ್ನು ಬೆರಳಿನಿಂದ ಮುಚ್ಚಿಕೊಂಡ. "ನನಗಿದು ಬರಲ್ಲಮ್ಮ ಅನ್ನೋಕೆ ಆಗ್ಲಿಲ್ಲ ಮೇಡಂ. ಅವಳ ಮುಂದೆ ಆಗ್ಲಿಲ್ಲ."

ಗಂಡನನ್ನು ಬಿಡುಗಡೆ ಮಾಡುವ ಮುಂಚೆ ಅವಳು ಅವನನ್ನೂ ಕೇಳಿದಳು. "ನಿಮಗೆ ಮೊದಲಿಂದ ಗೊತ್ತಿತ್ತು. ಜೈಲಿಗೆ ಹೋಗೋಕೂ ತಯಾರಾಗಿದ್ರಿ. ಯಾಕೆ?"

"ಆಂಬುಲೆನ್ಸಲ್ಲಿ ಅವಳು ಮಾತಾಡಿದ್ದು ಅದೊಂದೇ. ಬ್ಯಾಟರಿಯಿಂದ ಆಯ್ತು ಅಂತ ಅಣ್ಣನಿಗೆ ಹೇಳಬೇಡಿ, ಅವನು ತಡ್ಕೊಳ್ಳಲ್ಲ ಅಂದ್ಳು."

ಹೊರಗೆ ಹೋಗುವ ದಾರಿ ಲಾಕಪ್ಪಿನ ಮುಂದೆಯೇ. ಒಳಗಿದ್ದವನು ಎದ್ದು ಬಂದು ಕಂಬಿ ಹಿಡಿದ. ತನ್ನನ್ನು ಕೊಲೆಗಾರನೆಂದು ಬರೆಸಿಕೊಟ್ಟ ಆ ಮನುಷ್ಯನ ಎದುರು ಗಂಡ ನಿಂತ.

"ಅವಳು ಕೊನೇಲಿ ಏನಾದ್ರೂ ಅಂದ್ಳಾ? ನನ್ನ ಬಗ್ಗೆ?"

ಇನ್ಸ್‌ಪೆಕ್ಟರ್ ಬಾಗಿಲಲ್ಲೇ ನಿಂತಳು.

"ಇಲ್ಲ ಭಾವ," ಎಂದ ಗಂಡ. "ಮಾತೇ ಆಡಲಿಲ್ಲ."

ಬ್ಯಾಂಡೇಜು ಸುತ್ತಿದ ಕೈಯನ್ನು ಕಂಬಿಯ ಮೇಲೆ ಒಂದು ಗಳಿಗೆ ಇಟ್ಟು, ಅವನು ಹೊರಗೆ ನಡೆದ.