ನಾಲ್ಕನೇ ಮೊಳೆಯ ಬಿಲ್ಲೆ

"ಅಂಬೀ... ಕಿಟಕಿ ಪಕ್ಕದ ಸೀಟು ನಂದು ಕಣೇ. ಏಳು, ಅತ್ಲಾಗೆ ಓಗು."

ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಬೆನ್ನ ಹಿಂದಿನಿಂದ ಬಂದ ಆ ದನಿಗೆ ಅಂಬಿಕ ಎದ್ದೇ ನಿಂತಳು.

ಎದ್ದ ಮೇಲೆ ನೆನಪಾಯಿತು... ಆ ದನಿಯ ಒಡೆಯ, ಅವಳ ಅಣ್ಣ ಸುಬ್ರಮಣಿ, ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು.

ತಿರುಗಿ ನೋಡಿದಳು. ಹಿಂದಿನ ಸೀಟಿನಲ್ಲಿ ಕನ್ನಡಕದ ಯುವಕನೊಬ್ಬ ಸಹೋದ್ಯೋಗಿಗಳನ್ನು ನಗಿಸುತ್ತಿದ್ದ. ಸತ್ತ ಗೆಳೆಯನೊಬ್ಬ ತಂಗಿಯ ಜೊತೆ ಸೀಟಿಗಾಗಿ ಹೇಗೆ ಜಗಳವಾಡುತ್ತಿದ್ದನೆಂದು ಹೇಳುವುದಿತ್ತು ಅವನಿಗೆ. ಹೇಳಲು ಬರದವನು, ಗೆಳೆಯನದೇ ದನಿಯಲ್ಲಿ ಆಡಿ ತೋರಿಸುತ್ತಿದ್ದ.

ಅಂಬಿಕಳ ಮುಖ ನೋಡಿದವನ ನಗು ಅರ್ಧಕ್ಕೇ ನಿಂತಿತು. ಅದೇ ಮೂಗು, ಅದೇ ಹುಬ್ಬು...

"ಆ ಮಾತು ಇನ್ನೊಂದ್ಸಲ ಏಳಿ," ಎಂದಳು ಅವಳು.

"ನೀವು... ಅಂಬೀನಾ?"

"ಇನ್ನೊಂದೇ ಒಂದ್ಸಲ."

ಹತ್ತು ಜನರ ದನಿ ತೆಗೆಯುವ ಅವನ ಗಂಟಲು ಆಗ ತನ್ನದೇ ದನಿಯನ್ನು ಮರೆತಿತ್ತು.

ಅವನ ಹೆಸರು ಸೃಜನ್. ಅವನಪ್ಪ ಹಾಸನದ ಕಡೆಯಿಂದ ಬಂದು ಕೆಜಿಎಫ್‌ನ ಕಾರ್ಖಾನೆ ಸೇರಿದವರು. ಮಗ ಇಲ್ಲಿನ ಕ್ವಾರ್ಟರ್ಸಿನಲ್ಲೇ ಹುಟ್ಟಿ ಬೆಳೆದವನು. ಮಾಲೂರಿನ ಕಂಪನಿಯೊಂದರಲ್ಲಿ ಅವನೂ ಸುಬ್ರಮಣಿಯೂ ಒಂದೇ ಮೆಶಿನ್ನಿನ ಎರಡು ಪಕ್ಕ ನಿಲ್ಲುತ್ತಿದ್ದರು. ಆಮೇಲೆ ಸೃಜನ್‌ನನ್ನು ಚೆನ್ನೈಗೆ ಹಾಕಿದರು. ವಾಪಸು ಬಂದು ನಾಲ್ಕೇ ದಿನವಾಗಿತ್ತು.

ಅಂಬಿಕ ಉರಿಗಾಮಿನಲ್ಲಿ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿಯುವವಳು. ಅಲ್ಲಿ ಡೈರಿಯಲ್ಲಿ ಹಾಲಿನ ಕೊಬ್ಬು ಅಳೆಯುವ ಕೆಲಸ. ಜನರ ಕೊಬ್ಬನ್ನೂ ಚೆನ್ನಾಗಿಯೇ ಅಳೆಯುತ್ತಿದ್ದಳು.

ಅಂತೂ ಮರುದಿನದಿಂದ ಕಿಟಕಿ ಪಕ್ಕದ ಸೀಟು ಅವಳಿಗೆ, ಅದರ ಪಕ್ಕದ್ದು ಅವನಿಗೆ ಎಂದಾಯಿತು. ಅರ್ಧ ಗಂಟೆಯ ದಾರಿ. ಪ್ರೇಮಕ್ಕೆ ಅಷ್ಟು ಸಾಕು, ಪ್ರತಿದಿನ ಸಿಗುವುದಾದರೆ!

ಮೊದಲ ವಾರವೇ ಅವಳು ಅಮ್ಮನ ವಿಷಯ ಹೇಳಿದಳು.

ಅಂಬಿಕಳ ಅಪ್ಪ ಕೆಜಿಎಫ್‌ನ ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ಕೆಲಸ ಮಾಡಿದವರು. ಗಣಿಗೆ ಇಳಿಯುವ ಮುನ್ನ ಪ್ರತಿಯೊಬ್ಬನೂ ಹಲಗೆಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳಬೇಕು. ಮೇಲೆ ಬಂದ ಮೇಲೆ ಅದನ್ನು ಅಲ್ಲೇ ನೇತುಹಾಕಬೇಕು. ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಲೆಕ್ಕ. ಗಣಿ ಮುಚ್ಚಿದಾಗ ಅಪ್ಪ ನಾಲ್ಕು ಬಿಲ್ಲೆ ಮನೆಗೆ ತಂದು, ಬಾಗಿಲ ಪಕ್ಕ ಮನೆಯ ನಾಲ್ವರಿಗೂ ಒಂದೊಂದರಂತೆ ನಾಲ್ಕು ಮೊಳೆ ಹೊಡೆದರು. ಹಾಲು ತರಲು ಹೋದರೂ ಬಿಲ್ಲೆ ತೆಗೆದುಕೊಂಡೇ ಹೋಗಬೇಕು. ಅಪ್ಪ ಕೊನೆಯುಸಿರು ಬಿಟ್ಟಾಗಲೂ ಅವರ ಬಿಲ್ಲೆ ಮೊಳೆಯಲ್ಲಿತ್ತು.

ನಾಲ್ಕನೇ ಮೊಳೆಯದು, ಸುಬ್ರಮಣಿಯದು ಮಾತ್ರ ಇರಲಿಲ್ಲ.

ಹೈವೇಯಲ್ಲಿ ಲಾರಿ ಬೈಕಿಗೆ ಗುದ್ದಿತ್ತು. ದೇಹ ಮನೆಗೆ ಬಂತು, ಬಿಲ್ಲೆ ಬರಲಿಲ್ಲ. ಜೇಬು, ಬೈಕು, ರಸ್ತೆ ಬದಿಯ ಹುಲ್ಲು, ಎಲ್ಲಾ ಹುಡುಕಿಸಿದ ಅಮ್ಮ ಮುನಿನಾರಾಯಣಮ್ಮ ಕೊನೆಗೆ ಒಂದೇ ಮಾತು ಹೇಳಿ ಗೋಡೆಗೆ ಒರಗಿ ಕೂತಳು. ಮಗನ ಶಿಫ್ಟು ಮುಗಿದಿಲ್ಲ, ಬರ್ತಾನೆ.

ಒಂದು ಹನಿ ಕಣ್ಣೀರು ಹಾಕಲಿಲ್ಲ. ದಿನಾ ರಾತ್ರಿ ಅವನ ತಟ್ಟೆಗೆ ಮುದ್ದೆ ಇಡುತ್ತಾಳೆ. ಬೆಳಿಗ್ಗೆ ಅದನ್ನು ಹಸುವಿಗೆ ಹಾಕಿ, ಓವರ್ ಟೈಮ್ ಮಾಡಿಸುವ ಕಂಪನಿಯವರನ್ನು ಬೈಯುತ್ತಾಳೆ.

"ಒಂದ್ಸಲ ಅತ್ತುಬಿಟ್ರೆ ಸಾಕು," ಎಂದಳು ಅಂಬಿಕ. "ಅಳದೆ ಇರೋರನ್ನ ಸಮಾಧಾನ ಮಾಡೋದೆಂಗೆ?"

ಸೃಜನ್‌ನ ಕೈ ಬ್ಯಾಗಿನ ಜಿಪ್ಪನ್ನು ಗಟ್ಟಿಯಾಗಿ ಹಿಡಿದಿತ್ತು. ಅವಳು ಅದನ್ನು ಗಮನಿಸಲಿಲ್ಲ.

ಆ ಭಾನುವಾರ ಅವನು ಮನೆಗೆ ಬಂದ. ಮಗನ ಗೆಳೆಯನೆಂದು ತಿಳಿದದ್ದೇ ಮುನಿನಾರಾಯಣಮ್ಮ ಅವನನ್ನು ಎಳೆದು ಕೂರಿಸಿ ಅವರೆಕಾಳಿನ ಸಾರು ಬಡಿಸಿದಳು.

"ಅವ್ನು ಬರೋದ್ರೊಳಗೆ ಆರೋಗ್ತದೆ. ನೀನಾದ್ರೂ ತಿನ್ನು ನಾಯ್ನಾ."

ಅವನು ತಿಂದ. ಏನೋ ಹೇಳಲು ಬಂದವನು ಸಾರಿನ ಜೊತೆ ಅದನ್ನೂ ನುಂಗಿದ. ಆಮೇಲೆ ಗಣಿಯ ಹಳೇ ಸೈರನ್ ಕೂಗಿ ತೋರಿಸಿದ. ಎದುರು ಮನೆಯ ಸೆಲ್ವಿ ಬೆಚ್ಚಿ ಬೀದಿಗೆ ಓಡಿಬಂದು, ಯಾರೆಂದು ಗೊತ್ತಾದ ಮೇಲೆ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬೈದಳು. ಆ ಬೈಗುಳವನ್ನು ಅವನು ಅವಳದೇ ದನಿಯಲ್ಲಿ ಅವಳಿಗೇ ಹಿಂತಿರುಗಿಸಿದ. ಅಮ್ಮ ನಕ್ಕಳು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ!

ಅಂಬಿಕ ಅಡುಗೆಮನೆಗೆ ಹೋಗಿ, ಈರುಳ್ಳಿಯೇ ಇಲ್ಲದೆ ಕಣ್ಣು ಒರೆಸಿಕೊಂಡಳು.

ಭಾನುವಾರಗಳು ರೂಢಿಯಾದವು. ನಾಲ್ಕನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬಂಗಾರಪೇಟೆ ಹತ್ತಿರವಾಗುತ್ತಿದ್ದಂತೆ ಅವನು ಮೂಗಿನಲ್ಲಿ ಶುರುಮಾಡಿದ. "ಪ್ರಯಾಣಿಕರ ಗಮನಕ್ಕೆ. ಸೃಜನ್ ಎಂಬ ಗಾಡಿಯು ಇಪ್ಪತ್ತೆಂಟು ವರ್ಷ ತಡವಾಗಿ, ಅಂಬಿಕ ಎಂಬ ಪ್ಲಾಟ್‌ಫಾರಂಗೆ ಬರುವ ನಿರೀಕ್ಷೆಯಿದೆ..."

ಬೋಗಿಯೆಲ್ಲಾ ನಕ್ಕಿತು. ಅವಳ ಕಿವಿ ಕೆಂಪಾಯಿತು.

"ನಿಮ್ದು ಅಂತ ಒಂದು ದನಿ ಐತಾ? ಇದ್ರೆ ಅದ್ರಲ್ಲಿ ಏಳಿ. ಆಗ ಯೋಚ್ನೆ ಮಾಡ್ತೀನಿ."

ನಗುತ್ತಲೇ ಇಳಿಯಲು ಎದ್ದಳು. ರೈಲು ಜಗ್ಗಿತು. ಮೇಲಿದ್ದ ಅವನ ಬ್ಯಾಗು ಬಿದ್ದು ಬಾಯಿ ತೆರೆಯಿತು. ಊಟದ ಡಬ್ಬಿ, ಕನ್ನಡಕದ ಪೆಟ್ಟಿಗೆ... ಮತ್ತು ಉರುಳಿ ಅವಳ ಚಪ್ಪಲಿಗೆ ತಗುಲಿದ ಒಂದು ಹಿತ್ತಾಳೆ ಬಿಲ್ಲೆ.

ನಂಬರು ಓದಬೇಕಾಗಿರಲಿಲ್ಲ. ಅದರ ಅಂಚನ್ನು ಅಣ್ಣ ಚಿಕ್ಕಂದಿನಲ್ಲಿ ಕಚ್ಚಿ ಕಚ್ಚಿ ಇಟ್ಟ ಗುರುತೇ ಸಾಕಾಗಿತ್ತು.

ಅವನು ಒಂದೇ ಉಸಿರಿಗೆ ಹೇಳಿದ. ತಾನು ಚೆನ್ನೈಗೆ ಹೊರಟ ದಿನ ಸುಬ್ರಮಣಿ ಇದೇ ಬಂಗಾರಪೇಟೆ ಸ್ಟೇಷನ್ನಿಗೆ ಬೀಳ್ಕೊಡಲು ಬಂದಿದ್ದ. ಬಿಲ್ಲೆಯನ್ನು ಇವನ ಜೇಬಿಗೆ ತುರುಕಿ, ವಾಪಸು ಬಂದು ನಮ್ಮನೆ ಮೊಳೆಗೆ ನೀನೇ ಹಾಕು, ಆಗ ಬರದೆ ಎಲ್ಲಿ ಹೋಗ್ತೀಯ ಎಂದಿದ್ದ. ಮನೆಗೆ ತಿರುಗುವ ದಾರಿಯಲ್ಲೇ ಆ ಲಾರಿ...

"ನಾಲ್ಕು ತಿಂಗ್ಳು ನಮ್ಮನೇಲಿ ಉಂಡ್ರಿ," ಎಂದಳು ಅಂಬಿಕ. ದನಿ ಏರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. "ಅದೇ ಮೊಳೆ ಕೆಳಗೆ ಕೂತ್ಕೊಂಡು."

ಬಿಲ್ಲೆಯನ್ನು ಅವನ ಕೈಗೇ ಇಟ್ಟು ಇಳಿದುಹೋದಳು. ಮರುದಿನದಿಂದ ಹೆಂಗಸರ ಬೋಗಿ ಹತ್ತಿದಳು.

'ನಾನು ಯಾಕೆ ಅದನ್ನ ತಗೊಂಡು ಅಮ್ಮನಿಗೆ ಕೊಡಲಿಲ್ಲ?' ಹಾಲಿನ ಸೀಸೆಗಳ ಮುಂದೆ ಕೂತು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಅವಳಿಗೂ ಧೈರ್ಯವಿರಲಿಲ್ಲ. ಅಮ್ಮನ ಕಾಯುವಿಕೆಯನ್ನು ಕಿತ್ತುಕೊಂಡರೆ ಅಲ್ಲಿ ಏನು ಉಳಿಯುತ್ತದೆ? ಹಾಗಾದರೆ ಅವನ ತಪ್ಪೂ ತನ್ನ ತಪ್ಪೂ ಒಂದೇ ಅಳತೆ...

ಭಾನುವಾರ ಬೆಳಿಗ್ಗೆ ಅವನೇ ಬಂದ. ಹೊಸ್ತಿಲಾಚೆ ನಿಂತು, ಅಂಗೈ ಬಿಡಿಸಿ, ಮುನಿನಾರಾಯಣಮ್ಮನಿಗೆ ಎಲ್ಲವನ್ನೂ ಹೇಳಿದ. ನನ್ನನ್ನು ಕಳಿಸಲು ಬರದಿದ್ದರೆ ಅವನು ಇರುತ್ತಿದ್ದ ಎನ್ನುವುದನ್ನೂ ಬಿಡಲಿಲ್ಲ.

ಅಮ್ಮ ಬಿಲ್ಲೆಯನ್ನು ಮುಟ್ಟಲಿಲ್ಲ.

"ನಿಂಗೆ ನನ್ಮಗನ ದನಿ ಬತ್ತದಂತಲ್ಲ. ಅಂಬಿ ಏಳಿದ್ಲು. ಸಂಜೆ ಇದನ್ನ ಮೊಳೆಗೆ ಆಕಿ, 'ಅಮ್ಮಾ, ಮೇಲಕ್ ಬಂದೆ' ಅಂತಿದ್ದ. ಅಂಗೇ ಒಂದ್ಸಲ ಅನ್ನಪ್ಪ."

ಅಂಬಿಕ ಒಂದು ಹೆಜ್ಜೆ ಮುಂದೆ ಬಂದಳು. 'ಅವನು ಅಂದುಬಿಟ್ಟರೆ... ಅಮ್ಮ ಇನ್ನೆಂದೂ ಆ ಕನಸಿನಿಂದ ಏಳಲ್ಲ.'

ಸೃಜನ್ ಬಾಯಿ ತೆರೆದ. ಆ ದನಿ ನಾಲಿಗೆಯ ತುದಿಗೇ ಬಂದಿತ್ತು.

"ಅಮ್ಮಾ..." ಎಂದ. ಒರಟಾದ, ನಡುಗುವ, ಯಾರದ್ದನ್ನೂ ಹೋಲದ ದನಿ. "ಅವನ ದನಿ ನನ್ನ ಹತ್ರ ಇದೆ. ಅವನಿಲ್ಲ. ಬಿಲ್ಲೆ ತಂದಿರೋದು ನಾನು, ಸೃಜನ್. ತಡವಾಯ್ತು."

ಮುನಿನಾರಾಯಣಮ್ಮ ಬಿಲ್ಲೆ ತೆಗೆದುಕೊಂಡಳು. ಸೆರಗಿನಿಂದ ಉಜ್ಜಿ, ನಾಲ್ಕನೇ ಮೊಳೆಗೆ ಹಾಕಿದಳು. ಅದು ಒಮ್ಮೆ ಓಲಾಡಿ, ಗೋಡೆಗೆ ತಾಗಿ, ನಿಂತಿತು.

"ಬಂದೆಯಾ ನನ್ನಪ್ಪಾ," ಎಂದಳು.

ಆಮೇಲೆ ಅತ್ತಳು. ಹದಿನೆಂಟು ತಿಂಗಳದ್ದನ್ನು ಒಟ್ಟಿಗೆ. ಅಂಬಿಕ ಅವಳನ್ನು ತಬ್ಬಿಕೊಂಡು ನೆಲಕ್ಕೆ ಕುಸಿದಳು. ಇಬ್ಬರೂ ಅಳುತ್ತಿದ್ದರೆ ಹೊಸ್ತಿಲಾಚೆ ಅವನೂ ಕನ್ನಡಕ ತೆಗೆದಿದ್ದ.

ಎಷ್ಟೋ ಹೊತ್ತಿನ ಮೇಲೆ ಅಮ್ಮ ಮೂಗು ಒರೆಸಿಕೊಂಡು ತಲೆಯೆತ್ತಿದಳು.

"ಈ ನನ್ಮಗಂಗೆ ಸ್ವಂತ ಗಂಟ್ಲೂ ಐತಲ್ಲೇ ಅಂಬಿ." ಅಳುವಿನ ನಡುವೆಯೇ ಅಂಬಿಕಳಿಗೆ ನಗು ಬಂತು. "ಒಳಗೆ ಬಾರ್ಲಾ. ನಿಂಗ್ಯಾಕೆ ಲಾರಿಯೋನ ಪಾಪ? ಅಂಬಿ, ತಟ್ಟೆ ಆಕು. ಮೂರೇ."

ಮೂರೇ ತಟ್ಟೆ. ಊಟಕ್ಕೆ ಕೂತಾಗ ಅಮ್ಮ ಮಗನ ಕತೆಗಳನ್ನು ಒಂದೊಂದಾಗಿ ಹೊರತೆಗೆದಳು. ಅವರೆಕಾಳು ಕದ್ದು ಜೇಬಿಗೆ ತುಂಬಿಕೊಂಡದ್ದು, ಸೆಲ್ವಿಯ ಕೋಳಿಗೆ ಕುಂಕುಮ ಹಚ್ಚಿದ್ದು... ಮೂವರೂ ಅನ್ನ ನೆತ್ತಿಗೇರುವಷ್ಟು ನಕ್ಕರು.

ಸಂಜೆ ಅವನು ಹೊರಟಾಗ ಅಂಬಿಕ ಬಾಗಿಲವರೆಗೆ ಬಂದಳು. ಗೋಡೆಯಲ್ಲಿ ಹೊಸದೊಂದು ಮೊಳೆ ಇತ್ತು, ಐದನೆಯದು. ಅಮ್ಮ ಆಗಲೇ ಕಲ್ಲಿನಲ್ಲಿ ಕುಟ್ಟಿ ಕೂರಿಸಿದ್ದಳು, ಸ್ವಲ್ಪ ಸೊಟ್ಟಗೆ.

"ಅವತ್ತು ರೈಲಲ್ಲಿ ಕೇಳಿದ್ರಲ್ಲ," ಎಂದ ಅವನು, ತನ್ನದೇ ದನಿಯಲ್ಲಿ. "ನಾನು ನಿಮ್ಮನ್ನ ಪ್ರೀತಿಸ್ತೀನಿ, ಅಂಬಿಕ. ಇದಕ್ಕೆ ಬೇರೆ ಯಾರ ದನೀನೂ ಹೊಂದಲ್ಲ."

ಅವಳು ತನ್ನ ಮೊಳೆಯಿಂದ ಬಿಲ್ಲೆ ತೆಗೆದು ಅವನ ಅಂಗೈಯಲ್ಲಿಟ್ಟು, ಬೆರಳು ಮಡಚಿದಳು.

"ನಾಳೆ ಸಂಜೆ ತಂದು ನೀವೇ ಆಕಿ. ಬ್ಯಾಗಲ್ಲಿ ಬಚ್ಚಿಡ್ಬೇಡಿ."

"ತಡವಾದ್ರೆ?"

"ಅಮ್ಮ ಉಂಡು ಮಲಗ್ತಾರೆ," ಎಂದಳು ಅಂಬಿಕ. "ನಾನು ಕಾಯ್ತೀನಿ."